ಸೀಟಿ ಊದದ ಮೀನು

"ರಿಂಗಿನೊಳಗೆ ಹಾರೋದು ನಿನ್ನ ಕೈಲಾಗದಮ್ಮ" ಎಂದು ಪಕ್ಕದ ಕೊಳದ ಕಡಲಸಿಂಹ ನಕ್ಕಿತ್ತು. ಜನರಿಗೆ ಆಟ ತೋರಿಸಲು ಕೊಳದಲ್ಲಿ ಸಾಕಿದ್ದ ಡಾಲ್ಫಿನ್ ಹಟ ಹಿಡಿದು ಕಲಿತಳು. ರಿಂಗು ದಾಟಿದರೆ ಆಟ ಕಲಿಸುವವನ ಸೀಟಿ, ಸೀಟಿ ಊದಿದರೆ ಬಾಯಿಗೆ ಸತ್ತ ಮೀನು, ಸುತ್ತಲೂ ಚಪ್ಪಾಳೆ.

ಒಂದು ದಿನ ನೀರುಕಾಗೆ ಹಾರಿಬಂತು. "ಅಕ್ಕಾ, ನಿನ್ನನ್ನು ಬಿಡಿ ಎಂದು ಗೇಟಿನ ಹೊರಗೆ ಕೂಗುತ್ತಿದ್ದವರು ಗೆದ್ದರು! ಜೀವಂತ ಮೀನು ಹಿಡಿದು ತೋರಿಸಿದರೆ ನಿನ್ನನ್ನು ಕಡಲಿಗೆ ಬಿಡುತ್ತಾರಂತೆ."

"ಅದೇನು ಮಹಾ! ಬೆಂಕಿಯ ರಿಂಗನ್ನೇ ದಾಟಿದವಳು ನಾನು."

ಆಳುಗಳು ಕೊಳಕ್ಕೆ ಜೀವಂತ ಬಂಗುಡೆ ಮೀನೊಂದನ್ನು ಬಿಟ್ಟರು. ಅದು ಅವಳ ಮೂತಿಯ ಮುಂದೆಯೇ ಓಡಾಡಿತು. ಅವಳು ಎತ್ತರಕ್ಕೆ ಹಾರಿದಳು, ಬಾಲದ ಮೇಲೆ ನಿಂತಳು, ಬಾಯಿ ತೆರೆದು ಕಾದಳು.

"ಹಿಡಿಯೇ ಅಕ್ಕಾ!" ನೀರುಕಾಗೆ ಕಿರುಚಿತು.

"ಸೀಟಿ ಊದಿಲ್ಲವಲ್ಲ! ಸೀಟಿಯಿಲ್ಲದೆ ಅದು ಊಟ ಹೇಗಾದೀತು? ಅಲುಗಾಡುತ್ತಿದೆ ಬೇರೆ!"

ಹೊಟ್ಟೆ ಚುರುಗುಟ್ಟುತ್ತಿತ್ತು. ಯಾವ ಆಟ ಮರೆತೆನೆಂದು ತಿಳಿಯದೆ ಅವಳು ಮತ್ತೆ ಮತ್ತೆ ಹಾರಿದಳು. ಕತ್ತಲಾದರೂ ಬಂಗುಡೆ ಈಜುತ್ತಲೇ ಇತ್ತು. "ಕಡಲಲ್ಲಿ ಇವಳು ಉಪವಾಸ ಸಾಯುತ್ತಾಳೆ" ಎಂದು ಬಿಡಿಸಲು ಬಂದವರೇ ಕಣ್ಣೊರೆಸಿಕೊಂಡು ಹೋದರು. ಈ ಸಲ ಕಡಲಸಿಂಹ ನಗಲಿಲ್ಲ. ಅದೂ ಸೀಟಿಗೇ ಕಾಯುತ್ತಿತ್ತು.

ಈಗ ಅವಳಿಗೊಂದು ನೀಲಿ ಕೊಳವಿದೆ, ರಿಂಗಿದೆ, ಚಪ್ಪಾಳೆಯಿದೆ. ಅದಕ್ಕಾಗಿ ಕಡಲನ್ನು ಕೊಟ್ಟಳು, ಹಸಿದಾಗ ತಾನೇ ತಿನ್ನುವ ಬುದ್ಧಿಯನ್ನೂ ಕೊಟ್ಟಳು.