ಅರಸನ ಭಾಷೆಯ ದುಭಾಷಿ

ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದ ಶಿಷ್ಯೆಯೊಬ್ಬಳು ಗುರುಗಳನ್ನು ಕೇಳಿದಳು: "ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹಿಂತಿರುಗಿಸುವ ಫಂಕ್ಷನ್ ಒಂದಿದೆ. ಅದು ಏನನ್ನೂ ಮಾಡುವುದಿಲ್ಲ. ಇನ್ನೊಂದು ಫಂಕ್ಷನ್ ತನ್ನ ಕೆಲಸಕ್ಕೆ ಒಂದು ಫಂಕ್ಷನ್ ಕೇಳುವ ಜಾಗದಲ್ಲಿ ಅದನ್ನು ಆರ್ಗ್ಯುಮೆಂಟಾಗಿ ಏಕೆ ಕೊಡಬೇಕು? ಆ ಜಾಗ ಖಾಲಿ ಇದ್ದರೇನು?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಅರಸನಿದ್ದ. ಅವನ ನಾಡಿನಲ್ಲಿ ಹಲವು ಭಾಷೆಗಳಿದ್ದವು. ಆದ್ದರಿಂದ ಯಾರ ಅಹವಾಲೇ ಆಗಲಿ, ದುಭಾಷಿಯ ಬಾಯಿಂದಲೇ ಅರಸನ ಕಿವಿಗೆ ಬೀಳಬೇಕೆಂದು ಕಟ್ಟಳೆಯಿತ್ತು. ಒಂದೊಂದು ಭಾಷೆಗೆ ಒಬ್ಬೊಬ್ಬ ದುಭಾಷಿ. ಅರಸನ ಸ್ವಂತ ಭಾಷೆಗೂ ಒಬ್ಬನಿದ್ದ. ಪ್ರಜೆಗಳು ಹೇಳಿದ್ದನ್ನು ಕೂಡಿಸದೆ, ಕಳೆಯದೆ, ಹಾಗೆಯೇ ಹೇಳುವುದು ಅವನ ಕೆಲಸ. ಉಳಿದ ದುಭಾಷಿಗಳು ಅವನನ್ನು ಕಂಡು ನಗುತ್ತಿದ್ದರು. ಅವನಿಗೂ ಒಳಗೊಳಗೆ ನಾಚಿಕೆ. ದುಡಿಯದೆ ಉಣ್ಣುತ್ತಿದ್ದೇನೆ ಎನಿಸುತ್ತಿತ್ತು.

ಹೊಸ ಮಂತ್ರಿ ಬಂದ. ಕೆಲಸವಿಲ್ಲದವನೆಂದು ಅರಸನ ಭಾಷೆಯ ದುಭಾಷಿಯನ್ನು ಮನೆಗೆ ಕಳುಹಿಸಿದ. ದುಭಾಷಿ ಎದುರಾಡಲಿಲ್ಲ. ಕಟ್ಟಳೆಯನ್ನು ತಿದ್ದಬೇಕೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಕೆಲಕಾಲದ ಮೇಲೆ ಕುಂಬಾರನೊಬ್ಬನ ಹೆಂಡತಿ ಅಳುತ್ತ ಆ ದುಭಾಷಿಯ ಮನೆಗೆ ಬಂದಳು. ಅರಸನ ಕಣಜಕ್ಕೆ ಬೆಂಕಿಯಿಟ್ಟನೆಂದು ಅವಳ ಗಂಡನಿಗೆ ಗಲ್ಲಿನ ಶಿಕ್ಷೆಯಾಗಿತ್ತು. ಬೆಂಕಿ ಬಿದ್ದ ದಿನ ಗಂಡ ಊರಿನಲ್ಲೇ ಇರಲಿಲ್ಲವೆಂದು ಹೇಳಲು ಅವಳು ಆಸ್ಥಾನಕ್ಕೆ ಹೋಗಿದ್ದಳು. ಅವಳ ಭಾಷೆಗೆ ದುಭಾಷಿಯಿಲ್ಲವೆಂದು ಬಾಗಿಲಲ್ಲೇ ತಡೆದಿದ್ದರು.

ದುಭಾಷಿ ಅವಳನ್ನು ಕರೆದುಕೊಂಡು ಓಡಿದ. "ಅರಸರದೂ ಇವಳದೂ ಒಂದೇ ಮಾತಪ್ಪ. ಇವಳೇ ಹೇಳಲಿ, ಒಳಗೆ ಬಿಡು" ಎಂದು ಕಾವಲುಗಾರನನ್ನು ಬೇಡಿಕೊಂಡ.

"ಒಂದೇ ಆದರೂ ದುಭಾಷಿಯ ಬಾಯಿಂದ ಬರಬೇಕಲ್ಲ, ಅಜ್ಜ. ನೀವೀಗ ದುಭಾಷಿಯಲ್ಲ" ಎಂದ ಕಾವಲುಗಾರ. ಅವನೇನು ಕೆಟ್ಟವನಲ್ಲ. ಆ ಹೆಂಗಸಿಗೆ ಕುಡಿಯಲು ನೀರು ತಂದುಕೊಟ್ಟ.

ಇಬ್ಬರೂ ಬಾಗಿಲ ಹೊರಗೆ ಕುಳಿತರು. ಸಂಜೆ ಕುಂಬಾರನನ್ನು ಗಲ್ಲಿಗೇರಿಸಿದರು.

ಅಲ್ಲಿಂದಾಚೆ ದುಭಾಷಿ ಯಾರೊಡನೆಯೂ ಮಾತಾಡಲಿಲ್ಲ. ಒಬ್ಬನೇ ಕೂತಾಗ, "ಆ ದಿನ ನನ್ನ ಗಂಡ ಊರಿನಲ್ಲಿರಲಿಲ್ಲ, ದೊರೆ" ಎನ್ನುತ್ತಿದ್ದ. ಸಾಯುವ ತನಕವೂ ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಕುಂಬಾರನ ಹೆಂಡತಿಯ ಮಾತು ಕೇಳಿದ್ದರೆ ಅರಸ ಅವನನ್ನು ಬಿಟ್ಟುಬಿಡುತ್ತಿದ್ದನೇ ಎಂದು ಶಿಷ್ಯೆ ಮೆಲ್ಲಗೆ ಕೇಳಿದಳು.

"ತಿಳಿಯದು, ತಾಯಿ. ಅವನಿಗೆ ಕೇಳಿಸಲೇ ಇಲ್ಲವಲ್ಲ" ಎಂದರು ಗುರುಗಳು.

ಶಿಷ್ಯೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಆ ಫಂಕ್ಷನ್ನಿನ ಹೆಸರು ಬರೆದಳು.