ತಪ್ಪಿಲ್ಲದ ವಾಕ್ಯ

ಒಂದು ಬೀಜ ಭಂಡಾರದ ಕಂಪ್ಯೂಟರಿನಲ್ಲಿ ಒಂದು ಎಡಿಟರ್ ಇತ್ತು. ಬರೆದ ಪ್ರೋಗ್ರಾಮಿನ ಪದಗಳಿಗೆ ಬಣ್ಣ ಹಚ್ಚುವುದು, ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆಯುವುದು ಅದರ ಕೆಲಸ. ಮೊನ್ನೆಯಷ್ಟೇ ಅದಕ್ಕೆ, ಬೀಜಗಳ ಪಟ್ಟಿಯನ್ನು ಕಾಪಿಟ್ಟುಕೊಂಡಿದ್ದ ಡೇಟಾಬೇಸಿನ ಭಾಷೆಯನ್ನೂ ಕಲಿಸಿದ್ದರು.

ಅಲ್ಲಿ ಕೆಲಸ ಮಾಡುವ ಪ್ರಫುಲ್ಲಾ ಮೊಳಕೆ ಬಾರದ ಬೀಜಗಳ ವಿವರವನ್ನು ಪಟ್ಟಿಯಿಂದ ತೆಗೆದುಹಾಕಲು ಕುಳಿತಳು. "ಬೀಜಗಳ ಪಟ್ಟಿಯಿಂದ ಅಳಿಸು" ಎಂದು ಆ ಭಾಷೆಯಲ್ಲಿ ಬರೆದಳು. ಎಡಿಟರ್ ಹಿಗ್ಗಿನಿಂದ ನೀಲಿ ಬಣ್ಣ ಹಚ್ಚಿತು.

"ಯಾವ ಬೀಜಗಳನ್ನು, ತಮ್ಮಾ?" ಎಂದು ಡೇಟಾಬೇಸ್ ಕೇಳಿತು.

"ಅದು ನನಗೇನು ಗೊತ್ತು ಅಣ್ಣಾ? ವಾಕ್ಯದಲ್ಲಿ ತಪ್ಪಿಲ್ಲ."

"ತಪ್ಪಿಲ್ಲ, ನಿಜ. ಹಾಗಾಗಿ ಅವಳು ಆಜ್ಞೆ ಕೊಟ್ಟ ಕೂಡಲೇ ಎಂಟು ಸಾವಿರ ತಳಿಗಳನ್ನೂ ಅಳಿಸಿಬಿಡುತ್ತೇನೆ."

ಎಡಿಟರ್ ತಬ್ಬಿಬ್ಬಾಯಿತು. ತಪ್ಪಿಲ್ಲದ ವಾಕ್ಯ ಇಂಥ ಅನಾಹುತ ಮಾಡುವುದುಂಟೇ? ಗೆರೆ ಎಳೆದರೆ ಸುಳ್ಳಾಗುತ್ತದೆ, ಎಳೆಯದಿದ್ದರೆ ಪಟ್ಟಿಯೇ ಹೋಗುತ್ತದೆ. ಪ್ರಫುಲ್ಲಾಳ ಬೆರಳು ಗುಂಡಿಯತ್ತ ಸರಿದಾಗ ಅದು ಧೈರ್ಯ ಮಾಡಿ ವಾಕ್ಯದ ಉದ್ದಕ್ಕೂ ಕೆಂಪು ಗೆರೆ ಎಳೆದುಬಿಟ್ಟಿತು.

"ಎಲ್ಲ ಸರಿಯಿದೆಯಲ್ಲ, ಇದಕ್ಕೇನಾಯ್ತು?" ಎಂದು ಗೊಣಗುತ್ತಾ ಅವಳು ಮತ್ತೆ ಓದಿದಳು. ಯಾವ ಬೀಜಗಳೆಂದು ತಾನು ಬರೆದೇ ಇರಲಿಲ್ಲ! "ಮೊಳಕೆ ಬಾರದವನ್ನು ಮಾತ್ರ" ಎಂದು ಸೇರಿಸಿದಳು.

"ಯಾವ ನಿಯಮದ ಪ್ರಕಾರ ಗೆರೆ ಎಳೆದೆ?" ಎಂದಿತು ಡೇಟಾಬೇಸ್.

ಎಡಿಟರ್ ತಾನು ಕಲಿತ ನಿಯಮಗಳನ್ನೆಲ್ಲ ಮೊದಲಿಂದ ಕೊನೆಯವರೆಗೆ ಹುಡುಕಿತು. ಅಂಥದ್ದೊಂದೂ ಸಿಗಲಿಲ್ಲ.