ಬೆಳಕಿಗಾಗಿ ಕಾದ ಮದ್ದು

ಬೆಳಕು ಸೋಕಿದರೆ ಮಾತ್ರ ಉರಿಯುವ ಮದ್ದೊಂದು, ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣದ ಜೊತೆ ಸಾವಂತ್ರವ್ವನ ರಕ್ತಕ್ಕಿಳಿಯಿತು. ಆಕೆಯ ಅನ್ನನಾಳದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಿತ್ತು.

ದಾರಿಯಲ್ಲಿ ಅವು ಆಕೆಯ ಕೆನ್ನೆಯನ್ನು ಹಾದವು. ಚರ್ಮದಾಚೆ ಬಿಸಿಲು ಹೊಳೆಯುತ್ತಿತ್ತು.

"ಅದೋ ಬೆಳಕು! ಹುಟ್ಟಿದಾಗಿನಿಂದ ನಾನು ಬಯಸಿದ್ದು ಅದನ್ನೇ. ನನ್ನನ್ನು ಬಿಡು" ಎಂದಿತು ಮದ್ದು.

"ಇಲ್ಲಿ ನೀನು ಉರಿದರೆ ಆಕೆಯ ಕೆನ್ನೆ ಸುಟ್ಟೀತು, ಗಡ್ಡೆ ಹಾಗೆಯೇ ಉಳಿದೀತು" ಎಂದು ಕಣ ಅದನ್ನು ಬಿಗಿಯಾಗಿ ತಬ್ಬಿ ಹಿಡಿಯಿತು.

"ಗಡ್ಡೆಯೊಳಗೆ ಬರೀ ಕತ್ತಲು. ಅಲ್ಲಿಗೆ ಬೆಳಕು ಬಾರದೇ ಹೋದರೆ?"

"ನನಗೆ ಗೊತ್ತಿಲ್ಲ. ನಿನ್ನೊಂದಿಗೆ ನಾನೂ ಕಾಯುತ್ತೇನೆ."

ಮದ್ದು ಬಿಸಿಲಿನತ್ತ ತಿರುತಿರುಗಿ ನೋಡುತ್ತಲೇ ಒಳಗಿಳಿಯಿತು. ಗಡ್ಡೆ ಸೇರಿದ ಮೇಲೆ ಕಣ ತನ್ನ ಹಿಡಿತ ಸಡಿಲಿಸಿತು. ಎರಡೂ ಕತ್ತಲಲ್ಲಿ ಕಾದವು.

ಹೊರಗೆ ವೈದ್ಯೆ ಹೇಳಿದರು, "ಅವ್ವಾರ, ಬೆಳಕಿನ ಸಣ್ಣ ಕೊಳವೆ ಗಂಟಲೊಳಗ ಬಿಡ್ತೀನಿ. ಹೆದರಬ್ಯಾಡ್ರಿ."

"ಬಿಡ್ರಿ ಡಾಕ್ಟರವ್ವಾ. ಒಂದು ತುತ್ತು ರೊಟ್ಟಿ ನುಂಗಾಕ ಜೀವ ಹಂಬಲಸಾಕತ್ತೈತಿ" ಅಂದಳು ಸಾವಂತ್ರವ್ವ.

ಕೆಂಪು ಬೆಳಕು ಗಡ್ಡೆಯೊಳಗೆ ಹರಿದು ಬಂತು. "ಬಂತು!" ಎಂದು ಮದ್ದು ಒಮ್ಮೆ ಕೂಗಿತು. ಮರುಕ್ಷಣ ಧಗ್ಗನೆ ಉರಿದು, ಗಡ್ಡೆಯನ್ನು ಸುಡುತ್ತ ತಾನೂ ಮುಗಿದುಹೋಯಿತು.

ಬೆಳಕು ಆರಿತು. ಸುಟ್ಟ ಗಡ್ಡೆಯ ನಡುವೆ ಚಿನ್ನದ ಕಣವೊಂದೇ ಉಳಿದು, ಆ ಕೂಗನ್ನು ಇನ್ನೊಮ್ಮೆ ಕೇಳಬೇಕೆಂದು ಹಾತೊರೆಯಿತು.